ಹತ್ತನೇ ತರಗತಿಯ ಮಕ್ಕಳಿಗೆ ಕಾಲೇಜು ಪ್ರವೇಶದ ದಾರಿ ತಿಳಿಸುವುದು ಹೇಗೆ?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕ, ಕುಷ್ಟಗಿ ತಾಲ್ಲೂಕು)

ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಮುಂದೆ ಯಾವ ವಿಷಯ ಓದಬೇಕೆಂಬುದನ್ನು ನಮ್ಮ ಮಕ್ಕಳು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ, ಅದೂ ಗೆಳೆಯರು ಹೋದ ಕಡೆ ನೋಡಿ ತೀರ್ಮಾನಿಸುತ್ತಾರೆ. ಡಾಕ್ಟರ್ ಆಗುತ್ತೇನೆಂದು ಎಂಟನೇ ತರಗತಿಯಿಂದ ಹೇಳುತ್ತಿದ್ದ ಹುಡುಗಿಯೊಬ್ಬಳು ಕಂಪ್ಯೂಟರ್ ಇದೆಯೆಂಬ ಕಾರಣಕ್ಕೆ ಪಿಸಿಎಂಸಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್) ಸೇರಿದಳು. ಜೀವಶಾಸ್ತ್ರ ಓದದೆ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್ ಇಲ್ಲವೆಂಬುದು ಅವಳಿಗೆ ತಿಳಿದದ್ದು ದೀಪಾವಳಿಗೆ ಊರಿಗೆ ಬಂದಾಗ, ನನ್ನಿಂದ. ತಪ್ಪು ನಮ್ಮದೂ ಹೌದು. ಮಕ್ಕಳಿಗೆ ಏನನ್ನು, ಯಾವಾಗ ಹೇಳಬೇಕು?

ಉತ್ತರ 1 (ಪಿಯು ಉಪನ್ಯಾಸಕಿ, ಸಿಂಧನೂರು)

ಸರ್, ವಿಷಯಗಳ ಸಂಯೋಜನೆಯನ್ನು ಒಂದು ತರಗತಿಯಲ್ಲಿ ಹೇಳಿ ಮುಗಿಸಬಹುದು. ಎಂಜಿನಿಯರಿಂಗ್‌ಗೆ ಭೌತಶಾಸ್ತ್ರ ಮತ್ತು ಗಣಿತ ಇರಲೇಬೇಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕೊಡುವ ರ‍್ಯಾಂಕಿನಲ್ಲಿ ಸಿಇಟಿ (ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ) ಅಂಕಕ್ಕೆ ಅರ್ಧ, ದ್ವಿತೀಯ ಪಿಯು ಅಂಕಕ್ಕೆ ಅರ್ಧ ತೂಕವಿರುವುದರಿಂದ ಪಿಯು ಪರೀಕ್ಷೆಯನ್ನು ಹಗುರವಾಗಿ ಕಾಣುವಂತಿಲ್ಲ. ಡಿಪ್ಲೊಮಾ ಮುಗಿಸಿದವರು ತಮಗೆಂದೇ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದೆಂಬುದನ್ನು ನಮ್ಮ ಕಡೆಯ ತಂದೆತಾಯಂದಿರಿಗೆ ಯಾರೂ ಹೇಳುವುದಿಲ್ಲ.

ಹೆಚ್ಚು ಸಮಯ ಬೇಕಿರುವುದು ದಾಖಲೆಗಳಿಗೆ. ಸಿಇಟಿಯ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮದ್ದು ಶೇ. 5, ಇವೆರಡೂ 1ರಿಂದ 10ನೇ ತರಗತಿಯವರೆಗಿನ ಹತ್ತೂ ವರ್ಷಗಳ ಲೆಕ್ಕದ ಮೇಲೆ ನಿಂತಿವೆ. ಗುಳೆ ಹೋದ ಕುಟುಂಬದ ಮಗು ಬೆಂಗಳೂರಿನ ಶಾಲೆಯಲ್ಲಿ ಎರಡು ವರ್ಷ ಕುಳಿತು ಬಂದಿದ್ದರೆ ಗ್ರಾಮೀಣ ಮೀಸಲಾತಿ ಕೈತಪ್ಪುತ್ತದೆ. ಅದನ್ನು ಈಗಲೇ ತಿಳಿಸಿದರೆ ಆ ಮಗು ಸಿಗದ ಸೀಟನ್ನು ನಂಬಿ ಕೂರುವುದಿಲ್ಲ. ಹಾಗೆಯೇ ಆಧಾರ್‌ನಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರಿದ್ದರೆ ಅಂಕಪಟ್ಟಿ ಅಚ್ಚಾಗುವ ಮೊದಲೇ ಮುಖ್ಯೋಪಾಧ್ಯಾಯರ ಮೂಲಕ ಸರಿಪಡಿಸಿಕೊಳ್ಳಿ. ಆಮೇಲೆ ಅದು ತಿಂಗಳುಗಟ್ಟಲೆ ಅಲೆದಾಟ.

ಉತ್ತರ 2 (ಕಂದಾಯ ಇಲಾಖೆಯಲ್ಲಿ ಕೆಲಸ, ಕೊಪ್ಪಳ)

ಮೇಡಂ ಹೇಳಿದ್ದಕ್ಕೆ ಸಂವಿಧಾನದ 371(ಜೆ) ವಿಧಿಯನ್ನು ಸೇರಿಸುತ್ತೇನೆ. ಈ ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದೊಳಗಿನ ಕಾಲೇಜುಗಳಲ್ಲಿ ಶೇ. 70, ಹೊರಗಿನ ಕಾಲೇಜುಗಳಲ್ಲಿ ಶೇ. 8 ಸೀಟುಗಳು ನಮ್ಮ ಭಾಗದವರಿಗೆ ಮೀಸಲು. ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು (ಹಿಂದಿನ ವಿಮ್ಸ್) ಆಗಲಿ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯವಾಗಲಿ, ನಮ್ಮ ಮಕ್ಕಳಿಗೆ ಹತ್ತಿರವಾಗುವುದು 371(ಜೆ) ಪ್ರಮಾಣಪತ್ರದಿಂದ. ಇದನ್ನು ಕೊಡುವವರು ಉಪವಿಭಾಗಾಧಿಕಾರಿ, ಅಂದರೆ ಜನ ಎಸಿ ಸಾಹೇಬರೆನ್ನುವವರು. ಪೋಷಕರು ಈ ಭಾಗದ ಮೂಲನಿವಾಸಿಗಳೆಂದು ತೋರಿಸುವ ಹಳೆಯ ದಾಖಲೆಗಳನ್ನು ಹುಡುಕಿ ತರುವುದಕ್ಕೇ ಕೆಲವು ಮನೆಗಳಲ್ಲಿ ವಾರಗಳು ಹಿಡಿಯುತ್ತವೆ. ಸಿಇಟಿ ಅರ್ಜಿ ಶುರುವಾದ ಮೇಲೆ ಎಲ್ಲರೂ ಒಟ್ಟಿಗೆ ಬಂದು ಸಾಲು ಹಚ್ಚುವುದನ್ನು ಪ್ರತಿವರ್ಷ ನೋಡುತ್ತೇನೆ. ಹತ್ತನೇ ತರಗತಿಯಲ್ಲಿದ್ದಾಗಲೇ ಮಾಡಿಸಿಡಲಿ.

ಉತ್ತರ 3 (ಪೋಷಕರು, ಬಳ್ಳಾರಿ)

ನಮಗಾದದ್ದನ್ನು ಹೇಳುತ್ತೇನೆ. ಮಗಳ ಸಿಇಟಿ ಅರ್ಜಿಯನ್ನು ಆನ್‌ಲೈನ್ ಸೆಂಟರ್ ಒಂದರಲ್ಲಿ ತುಂಬಿಸಿದೆವು. ಅಂಗಡಿಯವನು ತನ್ನದೇ ಮೊಬೈಲ್ ನಂಬರ್ ಹಾಕಿದ್ದ. ಕಾಲೇಜುಗಳ ಆಯ್ಕೆ ದಾಖಲಿಸುವ ದಿನ ಒಟಿಪಿ ಅವನ ಫೋನಿಗೆ ಹೋಯಿತು, ಅವನು ಮದುವೆಗೆಂದು ಆದೋನಿಗೆ ಹೋಗಿದ್ದ. ಕೊನೆಗೆ ಫೋನಿನಲ್ಲೇ ಒಟಿಪಿ ಕೇಳಿಕೊಂಡು, ಗಡಿಬಿಡಿಯಲ್ಲಿ ಹನ್ನೊಂದೇ ಆಯ್ಕೆ ಹಾಕಿದೆವು. ಮೇಲಿನಿಂದ ಕೆಳಕ್ಕೆ ಬರುತ್ತಾ ರ‍್ಯಾಂಕಿಗೆ ಮೊದಲು ದಕ್ಕುವ ಸೀಟೇ ಹಂಚಿಕೆಯಾಗುತ್ತದೆಂದು ಗೊತ್ತಿಲ್ಲದೆ, ಸಿಕ್ಕೇ ಸಿಗುವ ಕಾಲೇಜನ್ನು ಮೇಲೆ, ಆಸೆಪಟ್ಟದ್ದನ್ನು ಕೆಳಗೆ ಬರೆದಿದ್ದೆವು. ಸಿಕ್ಕಿದ್ದು ಮೇಲಿನದೇ. ಸೀಟು ಬಂದ ಮೇಲಿನ ನಾಲ್ಕು ಚಾಯ್ಸ್‌ಗಳ ವಿಷಯವೂ ಹೀಗೆಯೇ: ಎರಡನೆಯದನ್ನು ಒತ್ತಿದ್ದರೆ ಸಿಕ್ಕ ಸೀಟನ್ನು ಉಳಿಸಿಕೊಂಡೇ ಮುಂದಿನ ಸುತ್ತಿನಲ್ಲಿ ಅದಕ್ಕಿಂತ ಮೇಲಿನ ಆಯ್ಕೆಗೆ ಕಾಯಬಹುದು, ಮೂರನೆಯದನ್ನು ಒತ್ತಿದರೆ ಕೈಯಲ್ಲಿದ್ದದ್ದೂ ಹೋಗುತ್ತದೆ. ಮಕ್ಕಳಿಂದ ಹಾಳೆಯ ಮೇಲೆ ಇದನ್ನೊಮ್ಮೆ ಆಡಿಸಿ ನೋಡಿ, ಮೇಷ್ಟ್ರೇ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಧನ್ಯವಾದಗಳು. ಶನಿವಾರದ ಕೊನೆಯ ಅವಧಿಯಲ್ಲಿ ದಾಖಲಾತಿ ರಿಜಿಸ್ಟರ್ ಮತ್ತು ಮಕ್ಕಳ ಆಧಾರ್ ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೆಸರು ಹೋಲಿಸಿದೆವು. ಮೂವರ ಇನಿಷಿಯಲ್ ಬೇರೆಯಿದೆ, ಒಬ್ಬನ ಹುಟ್ಟಿದ ದಿನಾಂಕವೇ ಬೇರೆ. ಅವನ ಅಪ್ಪ ಸದ್ಯ ಮಂಗಳೂರಿನಲ್ಲಿ ಗಾರೆ ಕೆಲಸದಲ್ಲಿದ್ದಾರೆ. ಉಗಾದಿಗೆ ಬರುತ್ತೇನೆಂದಿದ್ದರು, ಈ ವಾರವೇ ಬರುವಂತೆ ಹೇಳಿದ್ದೇನೆ.