ಹಳ್ಳ ದಾಟಿದಾಗಲೆಲ್ಲ ಜೀಪಿನ ಹಿಂದಿನ ಹೌಸಿಂಗಿಗೆ ನೀರು: ಸೀಲ್ ಬದಲಿಸಿದರೂ ನಿಲ್ಲುತ್ತಿಲ್ಲ

ಪ್ರಶ್ನೆ (ಮೂಡಿಗೆರೆ)

ನಮಸ್ಕಾರ. ನಮ್ಮ ತೋಟದ ದಾರಿಯಲ್ಲಿ ಸೇತುವೆಯಿಲ್ಲದ ಹಳ್ಳವೊಂದಿದ್ದು, ಮಳೆಗಾಲದಲ್ಲಿ ನೀರು ಜೀಪಿನ ಅರ್ಧ ಚಕ್ರ ಮುಳುಗುವಷ್ಟು ಬರುತ್ತದೆ. ಕಳೆದ ವಾರ ಹಿಂದಿನ ಡಿಫರೆನ್ಷಿಯಲ್‌ನ (ಹಿಂದಿನ ಎರಡು ಚಕ್ರಗಳ ನಡುವಿನ ಗೇರ್‌ಗಳ) ಡ್ರೈನ್ ಬೋಲ್ಟ್ ಬಿಚ್ಚಿದಾಗ ಮೊದಲು ಒಂದು ಲೋಟದಷ್ಟು ನೀರು, ಅದರ ಬೆನ್ನಿಗೇ ಹಾಲು ಹೆಚ್ಚಾದ ಕಾಫಿಯ ಬಣ್ಣದ ಆಯಿಲ್ ಬಂತು. ಈ ಮಳೆಗಾಲದಲ್ಲೇ ಎರಡು ಸಲ ಆಯಿಲ್ ಸೀಲ್ ಬದಲಿಸಿದ್ದೇವೆ. ಅದರ ಹೌಸಿಂಗ್ (ಹೊರಕವಚ) ಮೇಲಿನ ಬ್ರೀದರನ್ನು, ಅಂದರೆ ಗಾಳಿಯಾಡುವ ಚಿಕ್ಕ ಕಿಂಡಿಯನ್ನು, ಎಂ-ಸೀಲ್ ಹಾಕಿ ಮುಚ್ಚಿಬಿಡಬಹುದೇ?

ಉತ್ತರ (ಸಕಲೇಶಪುರ)

ದಯವಿಟ್ಟು ಮುಚ್ಚಬೇಡಿ. ಟಾರು ರಸ್ತೆಯಲ್ಲಿ ಓಡಿ ಬಿಸಿಯಾದ ಹೌಸಿಂಗ್ ತಣ್ಣನೆಯ ಹಳ್ಳಕ್ಕೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. 80 ಡಿಗ್ರಿಯಿಂದ 25 ಡಿಗ್ರಿಗೆ ಇಳಿದರೆ ಒತ್ತಡ ಸುಮಾರು ಆರನೇ ಒಂದು ಪಾಲು ಕುಸಿಯುತ್ತದೆ. ಆ ಕೊರತೆ ತುಂಬಲು ಬ್ರೀದರ್ ಮೂಲಕ ಗಾಳಿ ಬರಬೇಕು. ಬ್ರೀದರ್ ನೀರಿನಲ್ಲಿ ಮುಳುಗಿದ್ದರೆ ನೀರನ್ನೇ ಎಳೆಯುತ್ತದೆ, ಕೆಸರು ಕಟ್ಟಿ ಮುಚ್ಚಿದ್ದರೆ ಸೀಲ್‌ಗಳ ಅಂಚಿನಿಂದ ಎಳೆಯುತ್ತದೆ. ಸೀಲ್ ಇರುವುದು ಮುಖ್ಯವಾಗಿ ಒಳಗಿನ ಆಯಿಲ್ ತಡೆಯಲು; ಹೊರಗಿನಿಂದ ಹೀರುವ ನೀರಿಗೆ ಅದು ಸುಲಭವಾಗಿ ಸೋಲುತ್ತದೆ. ನೀವು ಎರಡು ಸಲ ಸೀಲ್ ಬದಲಿಸಿದರೂ ಫಲ ಸಿಗದಿರುವುದಕ್ಕೆ ಇದೇ ಕಾರಣವೆಂದು ನನ್ನ ಬಲವಾದ ಅಭಿಪ್ರಾಯ.

ಬ್ರೀದರ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು ಊದಿ ನೋಡಿ. ಅದರ ಜಾಗಕ್ಕೆ ಅದೇ ತ್ರೆಡ್‌ನ ನಿಪ್ಪಲ್ ಕೂರಿಸಿ, ಆಯಿಲ್ ತಡೆಯುವ 8 ಮಿ.ಮೀ. ರಬ್ಬರ್ ಪೈಪನ್ನು ಕ್ಲಿಪ್ ಹಾಕಿ ಬಿಗಿದು, ಚಾಸಿಸ್ ಗುಂಟ ಮೇಲಕ್ಕೆ ಒಯ್ದು, ಹಿಂದಿನ ಬಾಡಿಯೊಳಗೆ ಸೀಟಿಗಿಂತ ಎತ್ತರದಲ್ಲಿ ಬಾಯಿ ಕೆಳಮುಖವಾಗಿರುವಂತೆ ಕಟ್ಟಿ. ಸೈಲೆನ್ಸರ್ ಬಳಿ ಹಾಯಿಸಬೇಡಿ. ನಡುವೆ ಪೈಪ್ ಜೋತು ಬಿದ್ದರೆ ಅಲ್ಲಿ ನೀರು ನಿಂತು ಗಾಳಿಯ ದಾರಿ ಕಟ್ಟುತ್ತದೆ. ಚಾಸಿಸ್‌ಗೆ ಜಾಕ್ ಕೊಟ್ಟು ಎತ್ತಿ, ಚಕ್ರಗಳು ಪೂರ್ತಿ ಇಳಿಬಿದ್ದಾಗಲೂ ಪೈಪ್ ಎಳೆಯದಷ್ಟು ಸಡಿಲ ಬಿಟ್ಟಿರಬೇಕು. ತುದಿಗೆ ಬೈಕಿನ ಚಿಕ್ಕ ಪೆಟ್ರೋಲ್ ಫಿಲ್ಟರ್ ಹಾಕಿ. ನಾನು ಹಾಗೆಯೇ ತೆರೆದಿಟ್ಟಿದ್ದ ಪೈಪಿನೊಳಗೆ ಕಣಜವೊಂದು ಮಣ್ಣಿನ ಗೂಡು ಕಟ್ಟಿ, ಬೆರಳುದ್ದ ಗಟ್ಟಿ ಮಣ್ಣನ್ನು ತಂತಿಯಿಂದ ಕೆದಕಿ ತೆಗೆಯಬೇಕಾಯಿತು.

ಈಗಿರುವ ಆಯಿಲ್ ಪೂರ್ತಿ ಸುರಿದು, ಹೊಸ ಇಪಿ 90 ಗೇರ್ ಆಯಿಲ್ ತುಂಬಿ ನಾಲ್ಕೈದು ಕಿಲೋಮೀಟರ್ ಓಡಿಸಿ, ಅದನ್ನೂ ಸುರಿದು ಮತ್ತೆ ತುಂಬಿ. ನೀರು ಉಳಿದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ, ಆದ್ದರಿಂದ ಖರ್ಚೆಂದು ಈ ಹಂತ ಬಿಡಬೇಡಿ.

ಪ್ರಶ್ನೆ ಕೇಳಿದವರಿಂದ

ತಾವು ಹೇಳಿದಂತೆಯೇ ಮಾಡಿದೆ. ಬ್ರೀದರ್ ಮುಚ್ಚಳ ಕೆಸರು ಹಿಡಿದು ಅಲುಗಾಡುತ್ತಲೇ ಇರಲಿಲ್ಲ. ಹತ್ತು ದಿನ ಹಳ್ಳ ದಾಟಿದ ಮೇಲೆ ಫಿಲ್ಲರ್ ಬೋಲ್ಟ್ ಬಿಚ್ಚಿ ಬೆರಳಿಟ್ಟು ನೋಡಿದರೆ ಆಯಿಲ್ ತಿಳಿಯಾಗಿದೆ. ಆದರೆ ಮುಂದಿನ ಹೌಸಿಂಗಿನಲ್ಲಿ ಸ್ವಲ್ಪ ಬಿಳುಪು ಕಾಣುತ್ತಿದೆ.

ಉತ್ತರ (ಸಕಲೇಶಪುರ)

ಮುಂದಕ್ಕೂ ಇದೇ ರೀತಿ ಪೈಪ್ ಹಾಕಿ, ಬಾನೆಟ್ ಒಳಗೆ ಬ್ಯಾಟರಿಗಿಂತ ಮೇಲೆ ಕಟ್ಟಿ. ಅಲ್ಲಿ ಚಕ್ರದ ಒಳಬದಿಯಲ್ಲಿ, ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಹೊರಳಲು ಇರುವ ಗುಂಡಿನಾಕಾರದ ಭಾಗದ ಸುತ್ತಲಿನ ಸೀಲ್ ಸವೆದಿದ್ದರೂ ನೀರು ಸೇರುತ್ತದೆ. ಚಕ್ರವನ್ನು ಪೂರ್ತಿ ಒಂದು ಕಡೆ ತಿರುಗಿಸಿ ಆ ಗುಂಡಿನ ಮೇಲೆ ತುಕ್ಕಿನ ಗೀರು ಇದೆಯೇ ಎಂದು ಕೈಯಾಡಿಸಿ ನೋಡಿ, ಗೀರಿದ್ದರೆ ಮೊದಲು ಅದನ್ನು ನಯಗೊಳಿಸಿ ಆಮೇಲೆ ಹೊಸ ಸೀಲ್ ಹಾಕಿಸಿ.