ಅತ್ತೆಗೆ ಸೊಂಟ ಮುರಿದಿದೆ, ಈ ವಯಸ್ಸಿನಲ್ಲಿ ಆಪರೇಷನ್ ಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅತ್ತೆಗೆ 78 ವರ್ಷ. ಶುಗರ್, ಬಿಪಿ ಎರಡೂ ಇದೆ. ನಿನ್ನೆ ರಾತ್ರಿ ಬಚ್ಚಲಲ್ಲಿ ಜಾರಿ ಬಿದ್ದರು. ಎಡಗಾಲು ಗಿಡ್ಡವಾಗಿ ಹೊರಗೆ ತಿರುಗಿಕೊಂಡಿದೆ. ತೊಡೆಮೂಳೆಯ ಕತ್ತು ಮುರಿದು ಜರುಗಿದೆ, ಆಪರೇಷನ್ ಆಗಬೇಕು ಎಂದಿದ್ದಾರೆ. ನೆಂಟರೆಲ್ಲ ‘ಈ ವಯಸ್ಸಲ್ಲಿ ಕೊಯ್ಯೋದು ಬೇಡ, ನಾಟಿ ಕಟ್ಟು ಹಾಕಿಸಿ ಮಲಗಿಸಿ’ ಅಂತಿದ್ದಾರೆ.

ಉತ್ತರ (ಮೂಳೆ ಡಾಕ್ಟರ್): ಮಾಡಿಸಿಬಿಡಿ ಅಮ್ಮ. ತೊಡೆಮೂಳೆಯ ಮೇಲ್ತುದಿಯಲ್ಲಿ ಗುಂಡಿನಂಥ ಒಂದು ಭಾಗವಿದೆ, ಅದಕ್ಕೆ ರಕ್ತ ಹೋಗುವುದು ಹೆಚ್ಚಾಗಿ ಆ ಕತ್ತಿನ ಮೂಲಕವೇ. ಕತ್ತು ಮುರಿದು ಜರುಗಿದರೆ ಆ ಗುಂಡಿನ ಭಾಗಕ್ಕೆ ರಕ್ತ ಹರಿಯುವುದು ನಿಂತುಹೋಗಬಹುದು, ಮೂಳೆ ಕೂಡುವುದು ಕಷ್ಟ. ಅದಕ್ಕೇ ಈ ವಯಸ್ಸಿನವರಿಗೆ ಗುಂಡನ್ನೇ ತೆಗೆದು ಲೋಹದ ಬಾಲ್ ಹಾಕುತ್ತೇವೆ. ಹೊರಗಿನ ಕಟ್ಟು ಅಷ್ಟು ಒಳಗಿನ ಮೂಳೆಯನ್ನು ಹಿಡಿದಿಡುವುದಿಲ್ಲ.

ನಿಜವಾದ ಅಪಾಯ ಮೂಳೆಯದಲ್ಲ, ಮಲಗಿಬಿಡುವುದರದು. ಕಫ ಕಟ್ಟಿ ನ್ಯುಮೋನಿಯಾ, ಬೆನ್ನಿಗೆ ಹುಣ್ಣು, ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಎಲ್ಲ ಶುರುವಾಗುವುದು ಹಾಸಿಗೆಯಿಂದಲೇ. ಮುಚ್ಚಿಡುವುದಿಲ್ಲ: ಸೊಂಟ ಮುರಿದ ವಯಸ್ಸಾದವರಲ್ಲಿ ಹತ್ತಕ್ಕೆ ಎರಡು ಮೂರು ಜನ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲೂ ಸುಮಾರು ಅರ್ಧದಷ್ಟು ಜನ ಮೊದಲಿನಂತೆ ಓಡಾಡುವುದಿಲ್ಲ. ಆಪರೇಷನ್ ಮಾಡಿಸುವುದು ಮರುದಿನವೇ ಎಬ್ಬಿಸಿ ಕೂರಿಸಿ, ವಾಕರ್ ಹಿಡಿಸಿ ನಿಲ್ಲಿಸುವುದಕ್ಕೆ.

ಆದಷ್ಟು 48 ಗಂಟೆಯೊಳಗೆ ಆಗಲಿ. ಶುಗರ್ ಪೂರ್ತಿ ಇಳಿಯಲಿ ಎಂದು ವಾರಗಟ್ಟಲೆ ಕಾಯುವುದು ಬೇಡ. ರಕ್ತ ತೆಳುವಾಗುವ ಮಾತ್ರೆ ತಗೊಳ್ತಿದ್ದರೆ ಅರಿವಳಿಕೆ ಡಾಕ್ಟರಿಗೆ ಆ ಚೀಟಿ ತೋರಿಸಿ.

ಪ್ರಶ್ನೆ (ಅವರೇ, ನಾಲ್ಕು ದಿನದ ನಂತರ): ಆಪರೇಷನ್ ಆಯಿತು ಡಾಕ್ಟ್ರೇ. ಆದರೆ ರಾತ್ರಿಯಾದರೆ ಅತ್ತೆ ಏನೇನೋ ಬಡಬಡಿಸುತ್ತಾರೆ. ಕೊಟ್ಟಿಗೆಯಲ್ಲಿ ಹಸು ಬಿಚ್ಚಿಕೊಂಡಿದೆ, ಕಟ್ಟಿ ಬನ್ನಿ ಅಂತಾರೆ. ಹಸು ಮಾರಿ ಎಷ್ಟೋ ವರ್ಷ ಆಯಿತು! ಮರೆವಿನ ಕಾಯಿಲೆನಾ?

ಉತ್ತರ: ಬಹುಮಟ್ಟಿಗೆ ಅಲ್ಲ. ಸೊಂಟದ ಆಪರೇಷನ್ ಆದ ಹಿರಿಯರಲ್ಲಿ ಇದು ತುಂಬಾ ಸಾಮಾನ್ಯ. ಹೆಚ್ಚಿನವರಿಗೆ ಇಳಿಯುತ್ತದೆ, ಕೆಲವರಿಗೆ ವಾರಗಳು ಹಿಡಿಯುತ್ತವೆ. ಆದರೆ ಸುಮ್ನೆ ಬಿಡಬೇಡಿ, ಇವತ್ತೇ ವಾರ್ಡ್ ಡಾಕ್ಟರಿಗೆ ಹೇಳಿ. ರಕ್ತದಲ್ಲಿನ ಸೋಡಿಯಂ, ಆಮ್ಲಜನಕ, ಮೂತ್ರದ ಸೋಂಕು, ನೋವು, ಮಲಬದ್ಧತೆ ನೋಡಬೇಕು. ಕನ್ನಡಕ ಹಾಕಿಸಿ, ಹಗಲು ಕುರ್ಚಿಯಲ್ಲಿ ಕೂರಿಸಿ, ರಾತ್ರಿ ಮನೆಯವರೇ ಒಬ್ಬರು ಪಕ್ಕದಲ್ಲಿರಿ. ‘ಹಸು ಎಲ್ಲಿದೆ’ ಎಂದು ವಾದಕ್ಕೆ ಇಳಿಯಬೇಡಿ. ನಿದ್ದೆ ಮಾತ್ರೆ ಕೊಡಿ ಎಂದು ನೀವಾಗಿಯೇ ಕೇಳಬೇಡಿ, ಅದರಿಂದ ಗೊಂದಲ ಜಾಸ್ತಿಯಾಗಬಹುದು.

ಪ್ರಶ್ನೆ (ಇನ್ನೊಬ್ಬರು): ಸಾರ್, ನಮ್ಮಪ್ಪ ಹೋದ ವರ್ಷ ನಿಂತಲ್ಲೇ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ಸರಿಯಾಗಿದೆ. ಇನ್ನೇನೂ ಬೇಡ ಅಲ್ವಾ?

ಉತ್ತರ: ಬೇಕು! ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ಮೂಳೆ ಮುರಿದಿದೆ ಎಂದರೆ ಅದು ಟೊಳ್ಳಾಗಿರಬಹುದು, ಮುಂದಿನ ಸಲ ಸೊಂಟವೇ ಹೋಗಬಹುದು. ಪ್ಲಾಸ್ಟರ್ ಬಿಚ್ಚಿ ಮನೆಗೆ ಕಳಿಸಿ ಮರೆಯುವುದು ನಮ್ಮ ಕಡೆ ಮಾಮೂಲಿ, ನನಗೆ ಅದೇ ಸಿಟ್ಟು. ಮೂಳೆ ಎಷ್ಟು ಗಟ್ಟಿಯಿದೆ ಎಂದು ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಬೇಕಾದರೆ ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ, ಮೂಳೆ ಸವೆಯುವುದನ್ನು ತಡೆಯುವ ಔಷಧಿ ಜೊಲೆಡ್ರೊನಿಕ್ ಆಸಿಡ್ ಇದೆ. ಸೊಂಟ ಮುರಿದವರಿಗೆ ಇದನ್ನು ಕೊಟ್ಟು ನೋಡಿದ ದೊಡ್ಡ ಅಧ್ಯಯನ 2007ರಲ್ಲಿ ಬಂತು: ಹೊಸ ಮುರಿತಗಳು ಕಡಿಮೆಯಾದವು, ಸಾವು ಕೂಡ 28% ಇಳಿಯಿತು. ಕೊಡುವ ಮುಂಚೆ ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ), ಕ್ಯಾಲ್ಸಿಯಂ, ವಿಟಮಿನ್ ಡಿ ನೋಡಿಸಿ. ಹಲ್ಲು ಕೀಳಿಸುವುದಿದ್ದರೆ ಅದನ್ನು ಮೊದಲು ಮುಗಿಸಿ, ಈ ಔಷಧಿ ಕೊಟ್ಟ ಮೇಲೆ ಕಿತ್ತರೆ ಅಪರೂಪಕ್ಕೆ ದವಡೆ ಮೂಳೆ ಮಾಯುವುದಿಲ್ಲ. ಹಾಗೇ ಅಪ್ಪನ ಬಿಪಿ ಮಲಗಿದಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ಅಳೆಸಿ; ನಿಂತಾಗ ಬಿಪಿ ಇಳಿದು ಬಿದ್ದಿರಬಹುದು.