ಹಳೇ ಹೀತ್‌ಕಿಟ್ ಐಪಿ-17 ಪವರ್ ಸಪ್ಲೈ, ಕರೆಂಟ್ ಕೊಡೋ ಮುಂಚೆ ಏನೇನ್ ನೋಡ್ಬೇಕು?

ಮಲ್ನಾಡ್_ವಾಲ್ವ್:
ಎಲ್ರಿಗೂ ನಮಸ್ಕಾರ. ನಮ್ ದೊಡ್ಡಪ್ಪ ಎಪ್ಪತ್ತರ ದಶಕದಲ್ಲಿ ಅಮೆರಿಕದಲ್ಲಿ ಓದ್ತಿದ್ದಾಗ ತಾವೇ ಕೂತು ಜೋಡಿಸಿದ್ದ ಹೀತ್‌ಕಿಟ್ (ಬಿಡಿಭಾಗ ತಂದು ಮನೇಲೇ ಜೋಡಿಸ್ಕೊಳ್ಳೋ ಕಿಟ್) ಐಪಿ-17 ಅಟ್ಟದ ಮೇಲೆ ಸಿಕ್ತು. 0ಯಿಂದ 400 ವೋಲ್ಟ್ ಡಿಸಿ, 100 ಮಿಲಿಆಂಪ್, ಜೊತೆಗೆ ನೆಗೆಟಿವ್ ಬಯಾಸ್ (ವಾಲ್ವ್ ಗ್ರಿಡ್‌ಗೆ ಕೊಡೋ ಮೈನಸ್ ವೋಲ್ಟೇಜ್), ವಾಲ್ವ್ ಬಿಸಿ ಮಾಡೋಕೆ 6.3 ಮತ್ತೆ 12.6 ವೋಲ್ಟ್ ಹೀಟರ್ ಸಪ್ಲೈ. ಒಳಗೆ ಎರಡು 6ಎಲ್6, ಒಂದು 6ಬಿಎಚ್6, ಎರಡು ಓಎ2 ವಾಲ್ವ್ ಇದಾವೆ. ಮೂವತ್ತು ವರ್ಷದಿಂದ ಕರೆಂಟ್ ಕಂಡಿಲ್ಲ. ವಾಲ್ವ್ ರೇಡಿಯೋ ರಿಪೇರಿಗೆ ಬಳಸ್ಬೇಕು ಅಂತ ಆಸೆ. ಒಂದ್ಸಲ ಪ್ಲಗ್ ಹಾಕಿ ನೋಡೇಬಿಡು ಅಂತ ಒಬ್ರು ಅಂದ್ರು, ನಂಗೆ ಧೈರ್ಯ ಬರ್ಲಿಲ್ಲ. ಎಲ್ಲಿಂದ ಶುರು ಮಾಡ್ಲಿ?

ಹುಬ್ಬಳ್ಳಿ_ಹ್ಯಾಮ್:
ಹಾಕದ ಇದ್ದದ್ದು ಭಾಳ ಚಲೋ ಆತು ನೋಡ್ರಿ. ಮೊದಲ ಟ್ರಾನ್ಸ್‌ಫಾರ್ಮರ್ ಪ್ರೈಮರಿ (ಮನಿ ಕರೆಂಟ್ ಬರೂ ಕಡೆಯ ಸುತ್ತು) ಹೆಂಗ ಜೋಡಿಸ್ಯಾರ ನೋಡ್ರಿ, ಅದರಾಗ ಎರಡು ವೈಂಡಿಂಗ್ ಇರ್ತಾವ, 120 ವೋಲ್ಟಿಗೆ ಪ್ಯಾರಲಲ್, 240ಕ್ಕ ಸೀರೀಸ್. ಅಮೆರಿಕಾದಾಗ ಕಟ್ಟಿದ್ದಂದ್ರ ಪ್ಯಾರಲಲ್ಲೇ ಇರಬೇಕು, ಅದಕ್ಕ ನಮ್ಮ 230 ಕೊಟ್ರ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗ್ತದ, ಉಳಿದದ್ದೆಲ್ಲಾ ಸಿಗ್ತದ ಆದ್ರ ಅದೊಂದು ಮಾತ್ರ ಮತ್ತ ಸಿಗೂದಿಲ್ಲ. ಸೀರೀಸ್ ಮಾಡುವಾಗ ವೈರ್ ಬಣ್ಣ ನೋಡಿ ಮಾಡ್ರಿ, ಒಂದು ವೈಂಡಿಂಗ್ ಉಲ್ಟಾ ಆತಂದ್ರ ಶಾರ್ಟ್ ಆದಂಗ. ಫ್ಯೂಸಿನ ಆಂಪಿಯರೂ 120ಕ್ಕ ಇದ್ದದ್ದರ ಅರ್ಧ ಇರಬೇಕು. ಎರಡು ಪಿನ್ನಿನ ಹಳೇ ವೈರ್ ತಗದು ಮೂರು ಕೋರಿಂದು ಹಾಕಿ ಚಾಸಿಗೆ (ಲೋಹದ ಮೈಗೆ) ಅರ್ಥ್ ಕೊಡ್ರಿ.

ಬಸವನಗುಡಿ_ಬೆಂಚ್:
ಮೇಲಿನವರು ಹೇಳಿದ್ದು ಮುಗಿಸಿದ್ಮೇಲೆ ಕೆಪಾಸಿಟರ್ ಕಡೆ ಬನ್ನಿ. ಎಲೆಕ್ಟ್ರೋಲಿಟಿಕ್ ಒಳಗೆ ಅಲ್ಯೂಮಿನಿಯಂ ಮೇಲೆ ತೆಳು ಆಕ್ಸೈಡ್ ಪದರ ಇರುತ್ತಲ್ಲ, ವೋಲ್ಟೇಜ್ ಕಾಣ್ದೆ ವರ್ಷಗಟ್ಟಲೆ ಕೂತ್ರೆ ಅದು ಹಾಳಾಗುತ್ತೆ, ಆಮೇಲೆ ಏಕಾಏಕಿ ಪೂರ್ತಿ ವೋಲ್ಟೇಜ್ ಕೊಟ್ರೆ ಲೀಕೇಜ್ ಕರೆಂಟ್ ಜಾಸ್ತಿಯಾಗಿ ಬಿಸಿಯಾಗಿ ಒಡೀಬೋದು. ಕೆಪಾಸಿಟರ್‌ನ ಒಂದು ಕಡೆ ಬಿಚ್ಚಿ 100ಕೆ ರೆಸಿಸ್ಟರ್ ಮೂಲಕ ವೋಲ್ಟೇಜ್ ಸ್ವಲ್ಪ ಸ್ವಲ್ಪ ಏರಿಸ್ತಾ ಹೋಗಿ. ರೆಸಿಸ್ಟರ್ ಮೇಲೆ 10 ವೋಲ್ಟ್ ಕಂಡ್ರೆ ಲೀಕೇಜ್ 0.1 ಮಿಲಿಆಂಪ್ ಅಂತ ಲೆಕ್ಕ. ಗಂಟೆಗಟ್ಟಲೆ ಬಿಟ್ರೂ ಲೀಕೇಜ್ ಇಳೀಲಿಲ್ಲ ಅಂದ್ರೆ ಹೊಸದೇ ಹಾಕಿ, ನನ್ ಪ್ರಕಾರ ದಿನಾ ಬಳಸೋ ಸಪ್ಲೈಗೆ ಹೊಸದೇ ವಾಸಿ.

ಇನ್ನೊಂದು, ಇದನ್ನ ದಯವಿಟ್ಟು ಮರೀಬೇಡಿ. ನಾನು ಒಂದು ಸಪ್ಲೈ ಆಫ್ ಮಾಡಿ ಕಾಲು ಗಂಟೆ ಆದ್ಮೇಲೆ ಕೈ ಹಾಕಿ ಹೊಡೆಸ್ಕೊಂಡಿದೀನಿ, ಆಫ್ ಮಾಡಿದ್ಮೇಲೆ ಕೆಪಾಸಿಟರ್ ಖಾಲಿ ಮಾಡೋ ಬ್ಲೀಡರ್ ರೆಸಿಸ್ಟರ್ ಓಪನ್ ಆಗಿತ್ತು. ಮೊಣಕೈವರೆಗೂ ಜೋಮು, ಅವತ್ತು ಸಂಜೆ ತನಕ ಕೈ ನಡುಗ್ತಾ ಇತ್ತು. 100 ಮೈಕ್ರೋಫ್ಯಾರಡ್ 500 ವೋಲ್ಟಲ್ಲಿ 12.5 ಜೂಲ್ ಹಿಡ್ಕೊಂಡಿರುತ್ತೆ, ಅದು ಜೀವ ತೆಗೆಯೋವಷ್ಟು ಅಪಾಯ. ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡ್ಬೇಡಿ, 2.2ಕೆ 10 ವ್ಯಾಟ್ ರೆಸಿಸ್ಟರ್‌ಗೆ ಇನ್ಸುಲೇಟ್ ಆಗಿರೋ ಕ್ಲಿಪ್ ಹಾಕಿ ಡಿಸ್ಚಾರ್ಜ್ ಮಾಡಿ, ಮೀಟರಲ್ಲಿ ಸೊನ್ನೆ ನೋಡಿ, ಕೆಲಸ ಮುಗಿಯೋವರೆಗೂ ಕ್ಲಿಪ್ ಅಲ್ಲೇ ಇರ್ಲಿ. ಯಾಕಂದ್ರೆ ಖಾಲಿ ಮಾಡಿದ್ಮೇಲೂ ಸ್ವಲ್ಪ ವೋಲ್ಟೇಜ್ ತಾನಾಗೇ ವಾಪಸ್ ಬರುತ್ತೆ.

ಮೊದಲ ಸಲ ಆನ್ ಮಾಡೋವಾಗ ಕರೆಂಟ್ ಮಿತೀಲಿ ಇಡೋಕೆ 100 ವ್ಯಾಟ್ ಹಳೇ ಫಿಲಮೆಂಟ್ ಬಲ್ಬ್ ಸೀರೀಸಲ್ಲಿ ಇರ್ಲಿ, ಎಲ್ಇಡಿ ನಡೆಯಲ್ಲ. ಪೂರ್ತಿ ಬೆಳಕಲ್ಲಿ ಉರೀತಾನೇ ಇದ್ರೆ ಒಳಗೆ ಶಾರ್ಟ್ ಇದೆ ಅಂತ ತಿಳ್ಕೊಂಡು ತಕ್ಷಣ ಆಫ್ ಮಾಡಿ.

ಮಲ್ನಾಡ್_ವಾಲ್ವ್:
ಎರಡು ವಾರ ಆಯ್ತು, ಏನಾಯ್ತು ಅಂತ ಹೇಳ್ತೀನಿ. ದೊಡ್ಡಪ್ಪನ ಮ್ಯಾನ್ಯುಯಲ್ಲೂ ಸಿಕ್ತು, ಪ್ರತಿ ಹೆಜ್ಜೆ ಮುಂದೆ ಒಂದು ಪುಟ್ಟ ಆವರಣ, ಅದರೊಳಗೆ ಅವರು ಪೆನ್ಸಿಲಲ್ಲಿ ಟಿಕ್ ಹಾಕ್ಕೊಂಡು ಹೋಗಿದಾರೆ, 120 ವೋಲ್ಟ್ ವೈರಿಂಗ್ ಹತ್ರಾನೂ ಟಿಕ್ ಇದೆ! ಹಂಗೇ ಪ್ಲಗ್ ಹಾಕಿದ್ರೆ ಸುಟ್ಟೇ ಹೋಗ್ತಿತ್ತು. ಸೀರೀಸ್ ಮಾಡ್ದೆ, ಕೆಪಾಸಿಟರ್ ಎಲ್ಲಾ ಹೊಸದು ಹಾಕ್ದೆ, ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸಿಕ್ತು. ಬಲ್ಬ್ ಒಂದ್ಸಲ ಜೋರಾಗಿ ಉರಿದು ಮಂಕಾಯ್ತು. ಆದ್ರೆ ಈಗ ನಾಬ್ ತಿರುಗಿಸಿದ್ರೂ ವೋಲ್ಟೇಜ್ ಹತೋಟಿಗೆ ಬರ್ತಿಲ್ಲ, ಎಲ್ಲೆಲ್ಲೋ ಓಡ್ತಿದೆ.

ಹುಬ್ಬಳ್ಳಿ_ಹ್ಯಾಮ್:
ಲೈಟ್ ಆರಿಸಿ ಕತ್ತಲದಾಗ ಓಎ2 ನೋಡ್ರಿ, ಎರಡೂ ನೇರಳೆ ಬಣ್ಣದಾಗ ಹೊಳೀತಾವೇನು? ಅವು 150 ವೋಲ್ಟ್ ಹಿಡಿದು ನಿಲ್ಲಿಸೂ ಗ್ಯಾಸ್ ಟ್ಯೂಬು, 5ರಿಂದ 30 ಮಿಲಿಆಂಪ್ ಒಳಗ ಇದ್ರಷ್ಟ ಕೆಲಸ ಮಾಡ್ತಾವ. ಅವಕ್ಕ ಕರೆಂಟ್ ಕೊಡೂ ಕಾರ್ಬನ್ ರೆಸಿಸ್ಟರ್ ಅಳೀರಿ, ಹಳೇವು ವಯಸ್ಸಾದಂಗ ಓಮ್ಸ್ ಏರಸ್ಕೋತಾವ.

ಮಲ್ನಾಡ್_ವಾಲ್ವ್:
ಅದೇ ಆಗಿತ್ತು ಸರ್! ಒಂದು ಓಎ2 ಮಿಣುಕಿ ಮಿಣುಕಿ ಆರ್ತಿತ್ತು. ರೆಸಿಸ್ಟರ್ ಬಿಚ್ಚಿ ಅಳೆದ್ರೆ ಬಣ್ಣದ ಪಟ್ಟಿ ಹೇಳೋದರ ಎರಡೂವರೆ ಪಟ್ಟು ತೋರಿಸ್ತು. ಹೊಸದು ಹಾಕಿದ ತಕ್ಷಣ ಎರಡೂ ಹತ್ಕೊಂಡ್ವು. ಔಟ್‌ಪುಟ್ 230ಕ್ಕೆ ಇಟ್ಟು ಮನೇಲಿದ್ದ 15 ವ್ಯಾಟ್ ಬಲ್ಬ್ ಲೋಡ್ ಹಾಕ್ದೆ, ಮೀಟರಲ್ಲಿ 65 ಮಿಲಿಆಂಪ್, ವೋಲ್ಟೇಜ್ 228.9ಕ್ಕೆ ಇಳಿದು ಅಲ್ಲೇ ನಿಂತಿದೆ. ದೊಡ್ಡಪ್ಪಂಗೆ ವಿಡಿಯೋ ಕಾಲ್ ಮಾಡಿ ತೋರಿಸ್ದೆ, ಆ ನೇರಳೆ ಬೆಳಕು ನೋಡಿ ಸುಮಾರು ಹೊತ್ತು ಮಾತೇ ಆಡ್ಲಿಲ್ಲ. ಆಮೇಲೆ ಕೇಳಿದ್ದು ಒಂದೇ ಮಾತು, "ಅರ್ಥ್ ಕೊಟ್ಟಿದೀಯ ತಾನೇ?"